ಹೊಡೆ ತುಂಬಿದ ಗದ್ದೆಗೆ ಹೋಗಿಬಂದೆವು

ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದ ನನ್ನ ಮಗಳು 2024ರ ದಸರಾ ರಜೆಗೆ ಮುಂಚೆ ಶಾಲೆಗೆಂದು ಒಂದು ಚಾರ್ಟ್ ಬರೆದಿದ್ದಳು. ವಿಷಯ ಋತುಗಳು. ಬಿಳಿ ಹಾಳೆಯನ್ನು ನಾಲ್ಕು ಚೌಕ ಮಾಡಿ ಒಂದೊಂದರಲ್ಲಿ ಒಂದೊಂದು ಋತುವನ್ನು ಕೂರಿಸಿದ್ದಳು. ಮೂರನೆಯ ಚೌಕಕ್ಕೆ ‘ಆಟಮ್’ ಎಂದು ಹೆಸರು. ಅದರಲ್ಲಿ ಕೆಂಪು, ಕಿತ್ತಳೆ ಎಲೆಗಳನ್ನು ಉದುರಿಸುತ್ತ ನಿಂತ ಒಂದು ದೊಡ್ಡ ಮರ, ಅದರ ಬುಡದಲ್ಲಿ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಎಲೆ ಗುಡ್ಡೆ ಮಾಡುತ್ತಿರುವ ಒಬ್ಬ ಅಜ್ಜ.

“ಈ ಅಜ್ಜ ಯಾರಮ್ಮ?” ಎಂದೆ.

“ಗೊತ್ತಿಲ್ಲಪ್ಪ. ಪುಸ್ತಕದಲ್ಲಿ ಹೀಗೇ ಇದೆ” ಎಂದಳು.

ಚಿತ್ರ ಚೆನ್ನಾಗಿತ್ತು. ಆದರೆ ನಾವಿರುವ ದಾವಣಗೆರೆಯಲ್ಲಿ ಅಕ್ಟೋಬರಿನಲ್ಲಿ ಯಾವ ಮರವೂ ಕೆಂಪಾಗುವುದಿಲ್ಲ. ನಮ್ಮ ಬೀದಿಯ ಬೇವು, ಹೊಂಗೆಗಳು ಆಗಷ್ಟೇ ಮಳೆಯಲ್ಲಿ ಮಿಂದು ಹಚ್ಚಗೆ ನಿಂತಿರುತ್ತವೆ. ನಮ್ಮ ಕಡೆ ಎಲೆ ಉದುರುವುದು ಮಾಘ, ಫಾಲ್ಗುಣದ ಕೆಲಸ. ಆಶ್ವಯುಜ ಮತ್ತು ಕಾರ್ತಿಕ ಸೇರಿ ಶರದೃತು ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಒಂದು ಅಂಕವನ್ನೂ ಪಡೆದಿದ್ದೇವೆ. ಆದರೆ ಶರದೃತುವಿನಲ್ಲಿ ಮನುಷ್ಯರು ಏನು ಮಾಡುತ್ತಾರೆ ಎಂದು ಯಾರಾದರೂ ಮಕ್ಕಳನ್ನು ಕೇಳಿದರೆ ಉತ್ತರ ಬರುವುದು ಕಷ್ಟ. ಮೂವತ್ತು ವರ್ಷದ ಹತ್ತಿರ ವಿಜ್ಞಾನ ಪಾಠ ಮಾಡಿದ ನನ್ನ ಮಗಳಿಗೇ ಗೊತ್ತಿರಲಿಲ್ಲ ಎಂದ ಮೇಲೆ ಬೇರೆಯವರ ಮಕ್ಕಳನ್ನು ಹೇಳಿ ಏನು ಪ್ರಯೋಜನ?

ಅದೇ ವಾರ ಊರಿನಿಂದ ಅಣ್ಣನ ಫೋನು ಬಂತು. “ಮಂಡಿ ಕೈಕೊಟ್ಟಿದೆ ಮಾರಾಯ. ಗದ್ದೆ ಅಂಚಿನ ಮೇಲೆ ಕಾಲು ನಿಲ್ಲೋದಿಲ್ಲ. ಈ ಸಲ ಭೂಮಿ ಹುಣ್ಣಿಮೆಗೆ ಚರಗ ನೀನೇ ಬೀರಬೇಕು. ರಜೆ ಹೇಗೂ ಇದೆಯಲ್ಲ, ನಾಲ್ಕು ದಿನ ಮುಂಚೆ ಬಾ. ಅಂಗಳದ ಕೆಲಸವೂ ಬಿದ್ದಿದೆ.”

ಮಗಳನ್ನು ಕರೆದುಕೊಂಡು ಹೊರಟೆ.

ನಮ್ಮ ಊರು ಸಾಗರ ತಾಲ್ಲೂಕಿನ ಒಂದು ಮೂಲೆಯಲ್ಲಿದೆ. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸೂ ಉಂಟು, ರೈಲೂ ಉಂಟು. ನನ್ನ ಕಾಲೇಜು ದಿನಗಳಲ್ಲಿ ಈ ದಾರಿಯಲ್ಲಿ ಮೀಟರ್‌ಗೇಜ್ ಹಳಿಯಿತ್ತು. 2011ರಿಂದ ಬ್ರಾಡ್‌ಗೇಜ್ ಗಾಡಿಗಳು ತಾಳಗುಪ್ಪದವರೆಗೂ ಹೋಗುತ್ತವೆ. ಕುಂಸಿ ದಾಟಿ ಆನಂದಪುರ ಸಮೀಪಿಸುವಾಗ ಕಿಟಕಿಯಾಚೆ ಹಸಿರು ಬದಲಾಗುತ್ತದೆ. ಬಯಲಿನ ಮಂಕು ಹಸಿರು ಹೋಗಿ ಕಣ್ಣಿಗೆ ತಂಪೆನ್ನಿಸುವ ದಟ್ಟ ಹಸಿರು ಬರುತ್ತದೆ. ಎರಡು ಗುಡ್ಡಗಳ ನಡುವೆ ಸಿಕ್ಕಿದಲ್ಲೆಲ್ಲ ಗದ್ದೆ, ಗದ್ದೆಯ ತಲೆಯ ಕಡೆ ತೋಟ, ಅದರ ಮೇಲೆ ಕಾಡು. ಈಗ ಆ ಲೆಕ್ಕ ತಪ್ಪಿದೆ. ಗದ್ದೆಯ ಹೊಟ್ಟೆಗೂ ತೋಟ ಇಳಿದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಸಾಗರದ ಬಗ್ಗೆ ಮಕ್ಕಳಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. ಈ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ. ಒಂದು ಮಗ್ಗುಲಿನ ನೀರು ಶರಾವತಿಗೆ ಸೇರಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಧುಮುಕಿ ಹೊನ್ನಾವರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಇಕ್ಕೇರಿಗೆ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿಯ ನೀರು ಅದಕ್ಕೆ ಬೆನ್ನು ಹಾಕಿ, ತುಂಗಭದ್ರೆ ಮತ್ತು ಕೃಷ್ಣೆಯ ಕೈಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿದರೆ ಯಾವ ಹನಿ ಎತ್ತ ಹೋಗುತ್ತದೆಂದು ಬೊಟ್ಟು ಮಾಡಿ ತೋರಿಸಬಹುದು. ವರದಾಮೂಲದಲ್ಲಿ ಒಂದು ಗಂಟೆ ಇಳಿದಿದ್ದೆವು. ಕೊಳದ ಮೆಟ್ಟಿಲ ಮೇಲೆ ಕುಳಿತು ಮಗಳು, “ಇಷ್ಟೇ ನೀರಾ ಬಂಗಾಳ ಕೊಲ್ಲಿಗೆ ಹೋಗೋದು?” ಎಂದಳು. ಮೂಲದಲ್ಲಿ ನೋಡಿದರೆ ಎಲ್ಲ ನದಿಗಳೂ ಹಾಗೇ ಕಾಣುತ್ತವೆ.

ಊರು ಮುಟ್ಟಿದ ದಿನವೇ ಕೆಲಸ ಶುರುವಾಯಿತು. ಆ ವರ್ಷ ಅಕ್ಟೋಬರ್ 15ರಂದು ನೈಋತ್ಯ ಮುಂಗಾರು ಇಡೀ ದೇಶದಿಂದ ಹಿಂದೆ ಸರಿಯಿತೆಂದು ಹವಾಮಾನ ಇಲಾಖೆ ಪ್ರಕಟಿಸಿತು. ಅದೇ ದಿನ ಹಿಂಗಾರೂ ಆರಂಭವಾಯಿತು. ಆದರೆ ಅಣ್ಣ ನಂಬುವುದು ಚಿತ್ತೆ ಮಳೆಯನ್ನು. “ಚಿತ್ತೆ ಇನ್ನೂ ಎಂಟು ದಿನ ಉಂಟು. ಆದರೂ ಅಂಗಳ ಕೆತ್ತಿಬಿಡುವ” ಎಂದ.

ಮಲೆನಾಡಿನ ಅಂಗಳ ಮಳೆಗಾಲದಲ್ಲಿ ಅಂಗಳವಾಗಿರುವುದಿಲ್ಲ. ನಾಲ್ಕು ತಿಂಗಳ ಮಳೆಗೆ ಹಾವಸೆ ಕಟ್ಟಿ, ಹುಲ್ಲು ಬೆಳೆದು, ಕಾಲಿಟ್ಟರೆ ಜಾರುವ ಹಸಿರು ಕಂಬಳಿಯಾಗಿರುತ್ತದೆ. ಮನೆಯಿಂದ ಕೊಟ್ಟಿಗೆಗೆ ಹೋಗಲು ಅಡಿಕೆ ದಬ್ಬೆ ಹಾಸಿದ ಒಂದು ಕಾಲುದಾರಿ ಬಿಟ್ಟರೆ ಉಳಿದ ಜಾಗ ಕಪ್ಪೆಗಳ ಪಾಲು. ಮಳೆ ಕಡಿಮೆಯಾಗುತ್ತಿದ್ದಂತೆ ಅದನ್ನು ಮರಳಿ ಮನುಷ್ಯರ ಪಾಲಿಗೆ ತರಬೇಕು. ಗುದ್ದಲಿಯಿಂದ ಹಾವಸೆ ಕೆತ್ತಬೇಕು, ಗುಂಡಿಗೆ ಮಣ್ಣು ತುಂಬಬೇಕು, ನೀರು ಹನಿಸಿ ಮರದ ಹಲಗೆಯಿಂದ ಬಡಿದು ಮಟ್ಟಸ ಮಾಡಬೇಕು. ಆಮೇಲೆ ಇದ್ದಿಲ ಪುಡಿ ಬೆರೆಸಿದ ಸಗಣಿಯಿಂದ ಬಳಿಯಬೇಕು. ಜಗುಲಿಯ ಬದಿಗೆ ಇರಚಲು ತಡೆಯಲು ಕಟ್ಟಿದ್ದ ಸೋಗೆಯ ತಟ್ಟಿಗಳನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಮನೆಯೊಳಗೆ ಒಮ್ಮೆಲೇ ಬೆಳಕು ಬರುತ್ತದೆ. ಜೂನಿನಿಂದ ಅರೆಗತ್ತಲಿನಲ್ಲಿದ್ದ ಗೋಡೆಯ ಮೇಲೆ ನಮ್ಮ ಅಪ್ಪನ ಫೋಟೋ ಫಕ್ಕನೆ ಹೊಳೆಯಿತು. ಅವರು ತೀರಿಕೊಂಡು ಆಗಲೇ ಹದಿಮೂರು ವರ್ಷವಾಗಿತ್ತು.

ಕೆತ್ತುವಾಗ ಮೊದಲ ಅರ್ಧ ಗಂಟೆ ಸೊಂಟದ ನೋವೊಂದೇ ತಿಳಿಯುತ್ತದೆ. ಆಮೇಲೆ ಗುದ್ದಲಿಯ ಸದ್ದಿಗೆ ಉಸಿರು ಹೊಂದಿಕೊಳ್ಳುತ್ತದೆ. ಅಧ್ಯಾತ್ಮ ಎಂಬ ದೊಡ್ಡ ಮಾತನ್ನು ಬಳಸಲು ನನಗೆ ಸಂಕೋಚ. ಆದರೆ ಆ ಹೊತ್ತಿನಲ್ಲಿ ತಲೆಯಲ್ಲಿ ಪಿಂಚಣಿಯ ಲೆಕ್ಕವಿರಲಿಲ್ಲ, ಮಗಳ ಮುಂದಿನ ವರ್ಷದ ಪರೀಕ್ಷೆಯ ಚಿಂತೆಯಿರಲಿಲ್ಲ. ಕಣ್ಣೆದುರಿಗೆ ಒಂದು ಅಡಿ ನೆಲವಿತ್ತು, ಅಷ್ಟೆ. ಮೌನವಾಗಿ ಕುಳಿತು ಮನಸ್ಸನ್ನು ಹಿಡಿಯಲು ಹೋದಾಗಲೆಲ್ಲ ಸೋತ ನನಗೆ ಹಾವಸೆ ಕೆತ್ತುವಾಗ ಅದು ತಾನಾಗಿ ಬಂದು ಪಕ್ಕದಲ್ಲಿ ಕುಳಿತಿತು. ಮಗಳು ಎರಡು ಮಾರು ಕೆತ್ತಿ ಬೊಬ್ಬೆ ಬಂದ ಅಂಗೈಯನ್ನು ಎಲ್ಲರಿಗೂ ತೋರಿಸಿಕೊಂಡು ಬಂದಳು.

ಅಂಗಳ ಇಷ್ಟು ಚೊಕ್ಕಟವಾಗಬೇಕಾದದ್ದು ಅಡಿಕೆಗಾಗಿ. ಈ ಹೊತ್ತಿಗೆ ಮೊದಲ ಕೊಯ್ಲು ಶುರುವಾಗುತ್ತದೆ. ಮರದಿಂದ ಮರಕ್ಕೆ ಜೀಕುತ್ತ ಕೊನೆ ಇಳಿಸುವ ಕೊನೆಗೌಡನೆಂದರೆ ನಮ್ಮ ಬಾಲ್ಯದಲ್ಲಿ ಸರ್ಕಸ್ಸಿನವನಿಗಿಂತ ದೊಡ್ಡ ಮನುಷ್ಯ. ಈಗ ಮರ ಹತ್ತುವವರು ಸಿಗುವುದಿಲ್ಲ. ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾರೆ. ಕತ್ತು ನೋಯುತ್ತದೆ, ಜೀವಕ್ಕೆ ಅಪಾಯ ಕಡಿಮೆ. ಮೆಟ್ಟುಗತ್ತಿಯ ಮೇಲೆ ಕುಳಿತು ಊರ ಹೆಂಗಸರು ಅರ್ಧ ರಾತ್ರಿಯವರೆಗೆ ಕಥೆ ಹೇಳುತ್ತ ಅಡಿಕೆ ಸುಲಿಯುತ್ತಿದ್ದ ಚಪ್ಪರದಲ್ಲಿ ಸುಲಿಯುವ ಯಂತ್ರ ಬಂದಿದೆ. ಬೇಯಿಸುವ ಹಂಡೆ ಮಾತ್ರ ಅದೇ. ಹಸಿ ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾಗಿ ಕೆಂಪು ಚೊಗರಾಗುತ್ತದೆ. ಅದರೊಳಗಿನ ಟ್ಯಾನಿನ್ನೇ ಅಡಿಕೆಗೆ ಬಣ್ಣ ಮತ್ತು ಹೊಳಪು ಕೊಡುವುದು. ಮಗಳಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಚೊಗರಿನಲ್ಲಿ ಬೆರಳದ್ದಿ ತನ್ನ ನೋಟ್‌ಬುಕ್ಕಿನ ಹಾಳೆಗೆ ಒರೆಸಿ, “ಆಟಮ್ ಬಣ್ಣ ಸಿಕ್ಕಿತು” ಎಂದಳು!

ಇತ್ತ ಒಳಗೆ ಅತ್ತಿಗೆಯ ಕೆಲಸವೇ ಬೇರೆ. ಭೂಮಿ ಹುಣ್ಣಿಮೆಯೆಂದರೆ ಆಶ್ವಯುಜದ ಹುಣ್ಣಿಮೆ. ಉತ್ತರ ಕರ್ನಾಟಕದವರು ಇದನ್ನೇ ಸೀಗಿ ಹುಣ್ಣಿಮೆ ಎನ್ನುತ್ತಾರೆ. ಈ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ, ಎಂದರೆ ತೆನೆ ಇನ್ನೂ ಹೊರಬರದೆ ಗರಿಯ ಒರೆಯೊಳಗೆ ಉಬ್ಬಿಕೊಂಡಿರುತ್ತದೆ. ಭೂಮಿ ಬಸುರಾಗಿದ್ದಾಳೆ, ಅವಳಿಗೆ ಬಯಕೆ ಊಟ ಹಾಕಬೇಕು ಎಂಬುದು ಹಬ್ಬದ ತಿರುಳು. ಅದಕ್ಕೆಂದೇ ಭೂಮಣ್ಣಿ ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿ ಅರೆದ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ಜೋಗಿ ಜಡೆ, ಏಣಿ, ಭತ್ತದ ಸಸಿ, ಹೀಗೆ ಗೆರೆಗಳ ಹೆಣಿಗೆ. ಅತ್ತಿಗೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ ವರ್ಷವಾಗಿರಲಿಲ್ಲ. ಕನ್ನಡಕ ಮೂಗಿನ ತುದಿಗಿಟ್ಟು, ಅಳತೆಪಟ್ಟಿ, ಪೆನ್ಸಿಲು ಯಾವುದೂ ಇಲ್ಲದೆ ಬುಟ್ಟಿಯ ಸುತ್ತ ಗೆರೆ ಎಳೆದರು. ಕೊನೆಯ ಗೆರೆ ಮೊದಲ ಗೆರೆಗೆ ಸರಿಯಾಗಿ ಬಂದು ಕೂಡಿತು. ಜ್ಯಾಮಿತಿ ಪೆಟ್ಟಿಗೆ ಇಟ್ಟುಕೊಂಡು ಪಾಠ ಮಾಡುವ ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಹುಣ್ಣಿಮೆಯ ಹಿಂದಿನ ಸಂಜೆ ಮಗಳನ್ನು ಗದ್ದೆಗೆ ಕರೆದೊಯ್ದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಒಂದು ಸಸಿಯ ಹೊಡೆಯನ್ನು ಕಿತ್ತು ಉಗುರಿನಿಂದ ಸೀಳಿದೆ. ಒಳಗೆ ಎಳೆ ತೆನೆ, ಹಾಲಿನಷ್ಟು ಬಿಳುಪು, ಒಂದರ ಮೇಲೊಂದು ಅಂಟಿಕೊಂಡ ಸಣ್ಣ ಸಣ್ಣ ಹೂಮೊಗ್ಗು. “ನೋಡು, ಪ್ರತಿ ಮೊಗ್ಗೂ ಒಂದು ಕಾಳಾಗುತ್ತದೆ. ಇದು ಅರಳುವುದು ಬೆಳಗಿನ ಹೊತ್ತು, ಅದೂ ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲೇ ತನ್ನ ಪರಾಗ ತನ್ನ ಮೇಲೇ ಬಿದ್ದು ಬಾಗಿಲು ಮುಚ್ಚಿಕೊಳ್ಳುತ್ತದೆ” ಎಂದು ಹೇಳುತ್ತಿದ್ದೆ. ಹಿಂದೆ ಸೊಪ್ಪು ಕೊಯ್ಯಲು ಬಂದಿದ್ದ ಅತ್ತಿಗೆ ನಿಂತಿದ್ದರು.

“ಏನು ಮೇಷ್ಟ್ರೇ, ನಾಳೆ ಬಯಕೆ ಊಟ ಹಾಕೋಳ ಹೊಟ್ಟೆ ಇವತ್ತೇ ಬಗೀತೀರಾ?”

ನಗುತ್ತಲೇ ಹೇಳಿದರು. ಆದರೆ ಕೈಯಲ್ಲಿದ್ದ ಆ ಸೀಳಿದ ಹೊಡೆಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ತರಗತಿಯಲ್ಲಿ ನೂರಾರು ಹೂವು ಸೀಳಿದ್ದೇನೆ. ಯಾರೂ ಹೀಗೆ ಕೇಳಿರಲಿಲ್ಲ. ಕೊನೆಗೆ ಅದನ್ನು ಜೇಬಿನಲ್ಲಿಟ್ಟುಕೊಂಡೆ. ಎಸೆಯಲು ಮನಸ್ಸು ಬರಲಿಲ್ಲ.

ಭತ್ತಕ್ಕೆ ತನ್ನದೇ ಪಂಚಾಂಗವಿದೆ ಎಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಮಳೆಗಾಲದಲ್ಲಿ ಬೆಳೆಯುವ ಎಷ್ಟೋ ಹಳೆಯ ತಳಿಗಳು ಹಗಲು ಗಿಡ್ಡವಾಗುವವರೆಗೆ ತೆನೆ ಬಿಡುವುದಿಲ್ಲ. ನಮ್ಮ ಊರಿನ ಅಕ್ಷಾಂಶ ಸುಮಾರು 14 ಡಿಗ್ರಿ. ಇಲ್ಲಿ ಜೂನಿನ ಅತಿ ದೀರ್ಘ ಹಗಲು ಹೆಚ್ಚು ಕಡಿಮೆ 13 ಗಂಟೆ. ಅಕ್ಟೋಬರ್ ಮಧ್ಯಕ್ಕೆ ಅದು 12 ಗಂಟೆಗೂ ತುಸು ಕಡಿಮೆ. ವ್ಯತ್ಯಾಸ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಎಲೆಯೊಳಗಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯದ ನೆರವಿನಿಂದ ಭತ್ತದ ಗಿಡ ಇರುಳಿನ ಉದ್ದವನ್ನು ಅಳೆಯುತ್ತದೆ. ಇರುಳು ಸಾಕಷ್ಟು ಉದ್ದವಾಯಿತೆಂದು ತಿಳಿದ ಮೇಲೆ ಎಲೆ ಬಿಡುವುದನ್ನು ನಿಲ್ಲಿಸಿ ತೆನೆ ಕಟ್ಟಲು ತೊಡಗುತ್ತದೆ. ಹದಿನೈದು ದಿನ ತಡವಾಗಿ ನಾಟಿ ಮಾಡಿದರೂ ಹಳೆಯ ತಳಿ ಸರಿಸುಮಾರು ಅದೇ ಕಾಲಕ್ಕೆ ಹೊಡೆ ತುಂಬುವುದು ಇದರಿಂದಲೇ. ಅಣ್ಣನಿಗೆ ಫೈಟೋಕ್ರೋಮ್ ಗೊತ್ತಿಲ್ಲ. ಆದರೆ ಮೇಲಿನ ಗದ್ದೆಯ ಮಗ್ಗುಲಿಗೆ ಎಲ್‌ಇಡಿ ಬೀದಿದೀಪ ಹಾಕಿದ ಮೇಲೆ ಕಂಬದ ಸುತ್ತಲಿನ ಸಸಿಗಳು ತಡವಾಗಿ ತೆನೆ ಬಿಡುತ್ತವೆಂದು ಅವನೇ ತೋರಿಸಿದ. “ಅವಕ್ಕೆ ರಾತ್ರಿ ಆಗೋದೇ ಇಲ್ಲ, ಪಾಪ” ಎಂದ. ನನ್ನ ಪಾಠಕ್ಕಿಂತ ಇದು ಚೆನ್ನಾಗಿತ್ತು.

ಇಷ್ಟು ಹೇಳಿದ್ದರಿಂದ ನಮ್ಮ ಆಚರಣೆಗಳಿಗೆಲ್ಲ ವೈಜ್ಞಾನಿಕ ಕಾರಣ ಕೊಡಲು ಹೊರಟಿದ್ದೇನೆಂದು ಯಾರೂ ಭಾವಿಸಬಾರದು. ಹಾಗೆ ಕೊಡುವವರನ್ನು ಕಂಡರೆ ನನಗೆ ಮುಜುಗರವಾಗುತ್ತದೆ. ಹಬ್ಬಕ್ಕೂ ಮೋಸ, ವಿಜ್ಞಾನಕ್ಕೂ ಮೋಸ. ಭತ್ತ ಇರುಳನ್ನು ಅಳೆಯುವುದು ಪ್ರಯೋಗದಿಂದ ತಿಳಿದ ಸತ್ಯ. ಅದಕ್ಕೆ ಬಯಕೆ ಊಟ ಹಾಕಬೇಕೆನ್ನಿಸಿದ್ದು ಬೇರೆಯದೇ ಒಂದು ಸಂಗತಿ.

ಅದೇ ಸಂಜೆ ಗದ್ದೆಯ ಅಂಚಿನಲ್ಲಿ ಬೇಲಿಗೆ ಒರಗಿಸಿಟ್ಟ ಪ್ಲಾಸ್ಟಿಕ್ ಚೀಲಗಳ ಸಾಲು ಕಣ್ಣಿಗೆ ಬಿತ್ತು. ಅಡಿಕೆ ಸಸಿ. ನಾನು ಕೇಳುವ ಮೊದಲೇ ಅಣ್ಣ ಮಾತು ತೆಗೆದ.

“ಸುಗ್ಗಿ ಆದ ಮೇಲೆ ಇದನ್ನೂ ತೋಟ ಮಾಡುವ ಅಂತ. ನಾಟಿಗೆ ಆಳಿಲ್ಲ, ಕೊಯ್ಲಿಗೆ ಆಳಿಲ್ಲ. ಉಳಿದದ್ದಕ್ಕೆ ಹಂದಿ, ಮಂಗ, ನವಿಲು. ನಿನ್ನ ಪಾಲೂ ಇದೆಯಲ್ಲ ಇದರಲ್ಲಿ. ನೀನು ಬೇಡ ಅಂದ್ರೆ ಬಿಡ್ತೇನೆ.”

ಉಳಿದಿರುವುದು ಒಂದೇ ಎಕರೆ ಗದ್ದೆ, ನಾಲ್ಕು ಮಡಿ. ಬೇಡ ಎನ್ನಲು ನನ್ನ ಬಳಿ ಕಾರಣಗಳಿದ್ದವು. ನಾಲ್ಕು ತಿಂಗಳು ನೀರು ನಿಲ್ಲಿಸಿಕೊಳ್ಳುವ ಗದ್ದೆ ಕೆಳಗಿನ ಬಾವಿಗಳಿಗೆ ನೀರುಣಿಸುತ್ತದೆ. ಕಪ್ಪೆ, ಏಡಿ, ಕೊಕ್ಕರೆಗಳಿಗೆ ಅದೇ ಮನೆ. ಅಡಿಕೆಗೆ ಎಲೆಚುಕ್ಕೆ ರೋಗ ಬಂದು ಎಷ್ಟೋ ತೋಟಗಳು ಸೊರಗಿವೆ, ಎಲ್ಲವನ್ನೂ ಒಂದೇ ಬೆಳೆಗೆ ಒಪ್ಪಿಸುವುದು ಜಾಣತನವೂ ಅಲ್ಲ. ಇವೆಲ್ಲ ನಿಜ. ಆದರೆ ಪ್ರತಿ ತಿಂಗಳು ಸಂಬಳ ಎಣಿಸುವ ತಮ್ಮ, ಮಂಡಿ ಸವೆದ ಅಣ್ಣನಿಗೆ ಕಪ್ಪೆಯ ಮನೆಯ ಬಗ್ಗೆ ಪಾಠ ಹೇಳುವುದು ಹೇಗೆ? “ನೋಡುವ” ಎಂದೆ. ಅತ್ತಿಗೆ ಸೊಪ್ಪಿನ ಕಟ್ಟನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ, “ಹಾಗಾದ್ರೆ ಬರುವ ವರ್ಷ ಬುಟ್ಟಿ ಎಲ್ಲಿಗೆ ತರೋದು?” ಎಂದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ಯಾರೂ ಉತ್ತರ ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಡಿಗೆಮನೆಯಲ್ಲಿ ರಾತ್ರಿಯಿಡೀ ಹೆಂಗಸರ ಓಡಾಟ. ಕಡುಬು, ಕೊಟ್ಟೆ ಕಡುಬು, ಸೌತೆಕಾಯಿ ಕಡುಬು, ಬುತ್ತಿ. ಜೊತೆಗೆ ಹಿತ್ತಿಲು, ಬೇಲಿ, ಕಾಡಂಚಿನಿಂದ ತಂದ ಹತ್ತಾರು ಬಗೆಯ ಸೊಪ್ಪು, ಅಮಟೆಕಾಯಿ, ಹಾಗಲಕಾಯಿ ಹಾಕಿ ಬೇಯಿಸುವ ಹಚ್ಚಂಬಲಿ. ಚರಗ ಬೀರುವುದು ಅದನ್ನೇ. ಮಲಗಿದಲ್ಲೇ ನನಗೆ 1991 ನೆನಪಾಯಿತು.

ಆಗ ನಾನು ಬಿಎಸ್ಸಿ ಎರಡನೆಯ ವರ್ಷ. ಆ ವಯಸ್ಸಿನಲ್ಲಿ ಸ್ವಲ್ಪ ರಸಾಯನಶಾಸ್ತ್ರ ಕಲಿತರೆ ಎಲ್ಲರಿಗೂ ಹೇಳಬೇಕೆನ್ನಿಸುತ್ತದೆ. ಚರಗಕ್ಕೆ ಬಾ ಎಂದ ಅಪ್ಪನಿಗೆ, “ಭೂಮಿ ಅಂದ್ರೆ ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣದ ಆಕ್ಸೈಡು. ಅದು ಬಸುರಾಗೋದಿಲ್ಲ” ಎಂದಿದ್ದೆ. ಅಪ್ಪ ವಿಜ್ಞಾನ ವಿರೋಧಿಯೇನಲ್ಲ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣವನ್ನು ತೂಕ ಮಾಡಿ ಬೋರ್ಡೋ ದ್ರಾವಣ ಕಲಸುತ್ತಿದ್ದರು. ಹುಳಿ ಉಳಿದಿದೆಯೇ ಎಂದು ಕುಡುಗೋಲಿನ ಅಲಗು ಅದ್ದಿ ನೋಡುತ್ತಿದ್ದರು. ಅಲಗಿಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ. ನಾನು ಕಾಲೇಜಿನಲ್ಲಿ ಪುಸ್ತಕದಿಂದ ಕಲಿತದ್ದನ್ನು ಅವರು ಮಳೆಯಲ್ಲಿ ನಿಂತು ಮಾಡುತ್ತಿದ್ದರು. ನನ್ನ ಮಾತಿಗೆ ಅವರು ವಾದ ಮಾಡಲಿಲ್ಲ. “ಆಗಲಿ. ಸೂಡಿ ಹಿಡಕೋ” ಎಂದರು.

ಸೂಡಿ ಹಿಡಿದು ಮುಂದೆ ನಡೆದೆ. ಅಪ್ಪ ಹಿಂದಿನಿಂದ ಬುಟ್ಟಿ ಹೊತ್ತು, ಗದ್ದೆಯ ಒಂದೊಂದು ಮೂಲೆಗೂ ಹಚ್ಚಂಬಲಿ ಬೀರುತ್ತ ಬಂದರು. ಒಂದು ಕಡೆ ನಿಂತು ಮೆಲ್ಲಗೆ, “ತಡ ಆಯ್ತು. ಬೇಜಾರು ಮಾಡ್ಕೋಬೇಡ. ಉಣ್ಣು” ಎಂದರು. ನಾನು ತಿರುಗಿ ನೋಡಿದೆ. ನನಗೆ ಹೇಳಿದ್ದಲ್ಲ. ಆ ತಿಂಗಳು ಅಕ್ಕ ಹೆರಿಗೆಗೆಂದು ಮನೆಗೆ ಬಂದಿದ್ದಳು. ದಿನಾ ರಾತ್ರಿ ಪೇಟೆಯಿಂದ ಬಂದು ಅವಳ ಕೋಣೆಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದದ್ದೂ ಇದೇ ದನಿಯಲ್ಲಿ. ನನ್ನ ಆಕ್ಸೈಡುಗಳ ಬಗ್ಗೆ ಆಮೇಲೆ ನಾನು ಮಾತೆತ್ತಲಿಲ್ಲ. ಅವು ಸುಳ್ಳೆಂದಲ್ಲ. ಅಲ್ಲಿ ಅವುಗಳಿಗೆ ಕೆಲಸವಿರಲಿಲ್ಲ.

ನಾಲ್ಕೂವರೆಗೆ ಅತ್ತಿಗೆ ಎಬ್ಬಿಸಿದರು. ಅಕ್ಟೋಬರ್ 17, ಗುರುವಾರ. ಮಗಳು ಮೊಬೈಲ್ ಟಾರ್ಚು ಹೊತ್ತಿಸಿದ್ದಳು. ಅತ್ತಿಗೆ ಅದನ್ನು ಆರಿಸಿ ಅವಳ ಕೈಗೆ ಸೂಡಿ ಕೊಟ್ಟರು. ಗಂಡುಮಕ್ಕಳೇ ಹಿಡಿಯಬೇಕೆಂದು ಯಾರೋ ಗೊಣಗಿದರು. “ಮನೇಲಿ ಇರೋ ಮಗು ಹಿಡೀತದೆ” ಎಂದು ಅತ್ತಿಗೆ ಮಾತು ಮುಗಿಸಿದರು.

ಮೋಡ ಒಡೆದಿತ್ತು. ಪಶ್ಚಿಮದ ಗುಡ್ಡದ ಮೇಲೆ ಚಂದ್ರ ಇಳಿಯುತ್ತಿದ್ದ. ಖಗೋಳದ ಲೆಕ್ಕದಲ್ಲಿ ಅಂದಿನ ನಸುಕಿಗೆ ಅವನು ಆ ವರ್ಷದ ಹುಣ್ಣಿಮೆಗಳಲ್ಲೆಲ್ಲ ಭೂಮಿಗೆ ಅತಿ ಹತ್ತಿರ, ಸುಮಾರು 3,57,000 ಕಿಲೋಮೀಟರ್ ದೂರದಲ್ಲಿದ್ದ. ಸರಾಸರಿ ದೂರ 3,84,400. ಹಿಂದಿನ ಸಂಜೆ ಪಶ್ಚಿಮದಲ್ಲಿ ಹೊಸ ಧೂಮಕೇತು ಕಾಣುತ್ತದೆಂದು ನಾನೂ ಮಗಳೂ ಕಾದು ಮೋಡದಿಂದ ನಿರಾಶರಾಗಿದ್ದೆವು. ಆ ನಷ್ಟವನ್ನು ಚಂದ್ರ ತುಂಬಿಕೊಟ್ಟ. ಹೊಡೆ ತುಂಬಿದ ಗದ್ದೆಯ ಮೇಲೆ ಇಬ್ಬನಿಯಿತ್ತು. ಆ ಬೆಳಕಿನಲ್ಲಿ ಇಡೀ ಗದ್ದೆ ಉಸಿರು ಹಿಡಿದು ನಿಂತಂತೆ ಕಂಡಿತು. ಗಾಳಿ ಇರಲಿಲ್ಲ.

ಬುಟ್ಟಿ ತೋಳಿನ ಮೇಲೆ ಭಾರವಾಗಿತ್ತು. ಚರಗ ಬೀರುವಾಗ ಕೂಗಿ ಹೇಳುವ ಮಾತುಗಳಿವೆ. ಅಣ್ಣ ರಾತ್ರಿ ಮತ್ತೆ ಹೇಳಿಕೊಟ್ಟಿದ್ದ. ಸಾವಿರಾರು ಮಕ್ಕಳ ಮುಂದೆ ಗಂಟಲು ಹರಿದುಕೊಂಡ ನನಗೆ ಗದ್ದೆಯ ಮುಂದೆ ದನಿ ಹೊರಡಲಿಲ್ಲ. ಒಂದು ಮೂಲೆಗೆ ಬೀರಿದೆ. ಎರಡನೆಯದಕ್ಕೆ ಬೀರಿದೆ. ಮಗಳು ಪಿಸುದನಿಯಲ್ಲಿ, “ಅಪ್ಪ, ಇದನ್ನೆಲ್ಲ ಯಾರು ತಿಂತಾರೆ?” ಎಂದಳು.

“ಇಲಿ, ಹಕ್ಕಿ, ಏಡಿ, ಇರುವೆ. ಉಳಿದದ್ದು ಮಣ್ಣು.”

“ಇಲಿಗೂ ಕೊಡೋದಾ? ಅದು ಭತ್ತ ಹಾಳು ಮಾಡಲ್ವಾ?”

“ಮಾಡ್ತದೆ.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೂ ಹಬ್ಬ ಅಲ್ವಾ” ಎಂದಳು. ಮೂರನೆಯ ಮಡಿಗೆ ಬಂದಾಗ ನನ್ನ ದನಿ ಹೊರಟಿತು. ಅಪ್ಪ ಹೇಳಿದಷ್ಟನ್ನೇ ಹೇಳಿದೆ. ತಡವಾಯಿತು, ಬೇಜಾರು ಮಾಡಬೇಡ ಎಂದು. ಮೂವತ್ತಮೂರು ವರ್ಷ ತಡವಾಗಿತ್ತು. ಆಮೇಲೆ ಕೂಗಲೂ ಆಯಿತು. ಪಕ್ಕದ ಗದ್ದೆಯಿಂದ ಯಾರೋ ಮಾರುತ್ತರ ಕೊಟ್ಟರು. ಹಿಂದೆ ಇಡೀ ಬಯಲಿನುದ್ದಕ್ಕೂ ಸೂಡಿಗಳು ಓಡಾಡುತ್ತಿದ್ದವು, ಕೂಗು ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯುತ್ತಿತ್ತು. ಅಂದು ನಮ್ಮದೂ ಸೇರಿ ಎಣಿಸಿದೆ, ಮೂರು ಬೆಳಕು. ಉಳಿದ ಕಡೆ ಎಳೆಯ ಅಡಿಕೆ ತೋಟದ ಕಪ್ಪು.

ಬಿಸಿಲೇರುವ ಮೊದಲೇ ಮನೆಯವರೆಲ್ಲ ಭೂಮಣ್ಣಿ ಬುಟ್ಟಿಯೊಂದಿಗೆ ಬಂದರು. ಅಣ್ಣನನ್ನು ನಾನೂ ನೆರೆಮನೆಯ ಹುಡುಗನೂ ಹಿಡಿದುಕೊಂಡು ಬಂದೆವು. ಗದ್ದೆಯ ಅಂಚಿನಲ್ಲಿ ಬಾಳೆಯ ಕಂಬ ನಿಲ್ಲಿಸಿ, ಮಾವಿನ ತೋರಣ ಕಟ್ಟಿ, ನಾಲ್ಕು ಸಸಿಗಳನ್ನು ಒಟ್ಟು ಮಾಡಿ ಪೂಜೆ. ಅತ್ತಿಗೆ ತಮ್ಮ ಕೊರಳಿನ ತಾಳಿಯನ್ನು ತೆಗೆದು ಆ ಸಸಿಗಳಿಗೆ ಹಾಕಿದರು. ಮದುವೆಯಾದ ಮೇಲೆ ಅದು ಅವರ ಕೊರಳಿನಿಂದ ಇಳಿಯುವುದು ವರ್ಷಕ್ಕೆ ಈ ಒಂದು ಸಲವಂತೆ. ಕಾಗೆಗೆ ಎಡೆ ಇಟ್ಟು ಕರೆದದ್ದಾಯಿತು. ಆಮೇಲೆ ಎಲ್ಲರೂ ಅಂಚಿನ ಮೇಲೆ ಸಾಲಾಗಿ ಕುಳಿತು ಬಾಳೆಯೆಲೆಯಲ್ಲಿ ಉಂಡೆವು. ಕಾಲು ಇಬ್ಬನಿಯ ಹುಲ್ಲಿನಲ್ಲಿ, ಬೆನ್ನಿಗೆ ಎಳೆ ಬಿಸಿಲು. ಹಚ್ಚಂಬಲಿಯ ರುಚಿ ಕಹಿ, ಹುಳಿ, ಒಗರು ಎಲ್ಲ ಒಟ್ಟಿಗೆ. ಮಗಳು ಮುಖ ಹಿಂಡಿದಳು, ಆಮೇಲೆ ಇನ್ನೊಂದು ಸಲ ಹಾಕಿಸಿಕೊಂಡಳು.

ಕೊನೆಯಲ್ಲಿ ಒಂದು ಕಡುಬನ್ನು ಎಲೆಯಲ್ಲಿ ಸುತ್ತಿ ಗದ್ದೆಯಲ್ಲಿ ಹೂಳುವ ಪದ್ಧತಿ. ಸುಗ್ಗಿಯ ಹೊತ್ತಿಗೆ ಅಗೆದು ತೆಗೆಯುತ್ತಾರೆ. ಕೆಳಗಿನ ಮಡಿಯ ಮೂಲೆಯಲ್ಲಿ ನಾನೇ ಹೂಳಿದೆ. ಜೇಬಿನಲ್ಲಿದ್ದ ಆ ಸೀಳಿದ ಹೊಡೆಯನ್ನೂ ಅದರ ಪಕ್ಕದಲ್ಲಿಟ್ಟು ಮಣ್ಣೆಳೆದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೇನೆ.

ಹಿಂದಿರುಗುವ ದಿನ ಬಯಲಿನ ಮೇಲೆ ಸಾವಿರಾರು ಏರೋಪ್ಲೇನ್ ಚಿಟ್ಟೆಗಳು ಹಾರಾಡುತ್ತಿದ್ದವು. ಅವುಗಳಲ್ಲಿ ಹೊಂಬಣ್ಣದ ಒಂದು ಜಾತಿಯುಂಟು. ಆ ಜಾತಿಯವು ಅಕ್ಟೋಬರಿನಲ್ಲಿ ಭಾರತದ ಕಡೆಯಿಂದ ಹೊರಟು ಕಡಲ ಮೇಲೆ ಹಾರಿ ಮಾಲ್ಡೀವ್ಸ್ ದ್ವೀಪಗಳಿಗೂ, ಅಲ್ಲಿಂದ ಆಫ್ರಿಕಕ್ಕೂ ಹೋಗುತ್ತವೆಂದು ಅಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ಬಸ್ಸು ಬರುವವರೆಗೆ ಅವನ್ನೇ ನೋಡುತ್ತ ನಿಂತೆವು. ಮಗಳು ಹೊಸ ಚಾರ್ಟಿನ ಮೂರನೆಯ ಚೌಕದಲ್ಲಿ ಅಂಗಳ ಕೆತ್ತುವ ಒಬ್ಬ ಬೋಳುತಲೆಯ ಮನುಷ್ಯನನ್ನು ಬರೆದಳು. ಹೋಲಿಕೆ ಚೆನ್ನಾಗಿಯೇ ಬಂದಿದೆ. ಮಣ್ಣಿಗೆ ಬಳಸಿದ ಬಣ್ಣ ಚೊಗರಿನದು.

ಡಿಸೆಂಬರಿನಲ್ಲಿ ಸುಗ್ಗಿಯಾದ ಮೇಲೆ ಅವಳೇ ದೊಡ್ಡಪ್ಪನಿಗೆ ಫೋನು ಮಾಡಿ ಕಡುಬು ಸಿಕ್ಕಿತೇ ಎಂದು ಕೇಳಿದಳು. ಎಲೆ ಮಾತ್ರ ಸಿಕ್ಕಿತಂತೆ. “ಇಲಿ ತಿಂದಿರ್ಬೇಕು” ಎಂದನಂತೆ ಅಣ್ಣ. ಅವಳು ಖುಷಿಪಟ್ಟಳು.

2025ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಮೇಲಿನ ಮೂರು ಮಡಿಗಳಲ್ಲಿ ಅಡಿಕೆ ಸಸಿಗೆ ಗುಂಡಿ ತೆಗೆದಿತ್ತು. ಕೆಳಗಿನ ಮಡಿ ಹಾಗೇ ಇತ್ತು. ನಾನು ಏನೂ ಕೇಳಿರಲಿಲ್ಲ. ಅಣ್ಣ ತಾನಾಗಿ ಹೇಳಿದ: “ಅದರಲ್ಲಿ ನೀರು ನಿಲ್ತದೆ ಮಾರಾಯ. ಅಡಿಕೆಗೆ ಬರೋದಿಲ್ಲ.”

ಆ ಮಡಿ ಇಳಿಜಾರಿನಲ್ಲಿದೆ. ಮಗ್ಗುಲಿಗೆ ಒಂದು ಬಸಿಗಾಲುವೆ ತೆಗೆದರೆ ನೀರು ಅರ್ಧ ದಿನದಲ್ಲಿ ಹಳ್ಳಕ್ಕೆ ಇಳಿಯುತ್ತದೆ. ಅದು ಅವನಿಗೂ ಗೊತ್ತು. “ಹೌದು, ಬರೋದಿಲ್ಲ” ಎಂದೆ.